ಗೋಡೆಯಾಚೆಯ ಮಣ್ಣು

ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಗೋರಿಗಳಿಗೆ ಹೂವೇರಿಸಿ ಮೇಣದಬತ್ತಿ ಹಚ್ಚುವಾಗ ಪ್ರಿಯ ಓದುಗರಲ್ಲಿ ಒಂದು ಪ್ರಶ್ನೆ ಏಳಬೇಕು. ತಾನಾಗಿಯೇ ಜೀವ ಕಳೆದುಕೊಂಡವನಿಗೆ ಈ ಗೋಡೆಯೊಳಗೆ ಜಾಗವಿದೆಯೇ?

ಹಿಂದೆ ಇರಲಿಲ್ಲ. 1917ರ ಧರ್ಮಸಭೆಯ ಕಾನೂನಿನ 1240ನೆಯ ವಿಧಿಯು, ತಿಳಿದೂ ತಿಳಿದು ಆತ್ಮಹತ್ಯೆ ಮಾಡಿಕೊಂಡವರು ಸಾಯುವ ಮುನ್ನ ಪಶ್ಚಾತ್ತಾಪದ ಗುರುತು ತೋರದಿದ್ದರೆ ಅವರಿಗೆ ಕ್ರೈಸ್ತ ಶವಸಂಸ್ಕಾರವನ್ನು ನಿರಾಕರಿಸಿತ್ತು. ಹಳೆಯ ಸ್ಮಶಾನಗಳಲ್ಲಿ ಅಂಥವರಿಗೆಂದು ಆಶೀರ್ವದಿಸದ ಮೂಲೆಯೊಂದನ್ನು ಬಿಡುತ್ತಿದ್ದರು. ಜೀವ ದೇವರ ಕೊಡುಗೆ, ಅದನ್ನು ಚೆಲ್ಲುವ ಹಕ್ಕು ನಮಗಿಲ್ಲ ಎಂಬ ಬೋಧನೆ ಸರಿಯೇ. ಅದು ಇಂದಿಗೂ ಬದಲಾಗಿಲ್ಲ. ಆದರೆ ಆ ಮೂಲೆಯ ಶಿಕ್ಷೆ ತಟ್ಟುತ್ತಿದ್ದುದು ಸತ್ತವನಿಗಲ್ಲ, ಅವನ ಹೆಂಡತಿ ಮಕ್ಕಳಿಗೆ.

1983ರ ಕಾನೂನು ಆ ನಿರಾಕರಣೆಯನ್ನು ಕೈಬಿಟ್ಟಿತು. 1992ರ ಧರ್ಮೋಪದೇಶ ಗ್ರಂಥವು ಇನ್ನೂ ಮುಂದೆ ಹೋಗಿ, ತೀವ್ರ ಮನೋವೇದನೆ, ಭಯಗಳು ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲವು, ಅಂಥವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು ಕಲಿಸಿತು.

ಬೀದರ್, ಭಾಲ್ಕಿ, ಔರಾದ್ ಸೀಮೆಯವರಿಗೆ ಇದು ಬರೀ ಪುಸ್ತಕದ ಮಾತಲ್ಲ. 1990ರ ದಶಕದ ಕೊನೆಯಲ್ಲಿ ತೊಗರಿ ಬೆಳೆ ಕೈಕೊಟ್ಟು, ಸಾಲಕ್ಕಂಜಿ ಜೀವ ಬಿಟ್ಟ ರೈತರ ಸುದ್ದಿ ಈ ಜಿಲ್ಲೆಯಿಂದ ಬಂತು. ಬಿತ್ತನೆಗೆ ಸಾಲ, ಮಗಳ ಮದುವೆಗೆ ಸಾಲ, ಮೇಲೆ ಬಡ್ಡಿಯವನ ಕಾಟ. ಇಂಥ ಸಾವನ್ನು ಸತ್ತವನೊಬ್ಬನ ಪಾಪವೆಂದು ಬರೆದಿಟ್ಟರೆ, ಬಾಗಿಲಿಗೆ ಬಂದು ಬೈದವನೂ ಕಂಡೂ ಕಾಣದಂತಿದ್ದ ನೆರೆಯವರೂ ಸುಲಭವಾಗಿ ಪಾರಾಗುತ್ತಾರೆ. ಹಾಗೆ ಪಾರಾಗುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಮತ್ತಾಯನ ಶುಭಸಂದೇಶದ 27ನೆಯ ಅಧ್ಯಾಯವನ್ನು ತೆರೆದು ನೋಡಿ. ಯೂದನು ದೇವಾಲಯದಲ್ಲಿ ಎಸೆದುಹೋದ 30 ಬೆಳ್ಳಿ ನಾಣ್ಯಗಳಿಂದ ಯಾಜಕರು ಕುಂಬಾರನ ಹೊಲವನ್ನು ಕೊಂಡು ಪರದೇಶಿಗಳ ಸ್ಮಶಾನ ಮಾಡಿದರು. ದಿಕ್ಕಿಲ್ಲದವರಿಗೆ ಮಣ್ಣು ಸಿಕ್ಕಿದ್ದು ತನ್ನ ಜೀವ ತಾನೇ ತೆಗೆದುಕೊಂಡವನ ಹಣದಿಂದ! ಇದನ್ನು ಓದಿಯೂ ನಾವು ಅಷ್ಟಾಗಿ ಗಮನಿಸುವುದಿಲ್ಲ.

ಉತ್ತರ ಕರ್ನಾಟಕದಲ್ಲಿ ಅಂತ್ಯಕ್ರಿಯೆಗೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ. ಲಿಂಗಾಯತರು ಕೂರಿಸಿ ಹೂಳುತ್ತಾರೆ, ಮುಸಲ್ಮಾನರೂ ನಾವೂ ಮಲಗಿಸಿ ಹೂಳುತ್ತೇವೆ. ಹಾಕುವ ಹಿಡಿ ಮಣ್ಣು ಮಾತ್ರ ಒಂದೇ. ಆ ಒಂದು ಹಿಡಿಗೂ ಲೆಕ್ಕ ನೋಡುವವರಿದ್ದಾರೆ. ಗುರುಗಳು ಗೋರಿಯನ್ನು ಆಶೀರ್ವದಿಸಿ ಬಂದ ಮೇಲೂ ಆ ಮನೆಗೆ ಊಟ ಒಯ್ಯಲು ಹಿಂಜರಿಯುತ್ತಾರೆ. ಮೂವತ್ತನೆಯ ದಿನದ ಪೂಜೆಯಲ್ಲಿ ಹೆಸರು ಓದಿದಾಗ ಪಿಸುಗುಟ್ಟುತ್ತಾರೆ. ಮಗಳನ್ನು ನೋಡಲು ಬಂದವರು ವಿಷಯ ತಿಳಿದು ಹಿಂದೆ ಸರಿಯುತ್ತಾರೆ. ಕಾನೂನು ಬದಲಾಗಿ ನಲವತ್ತು ವರ್ಷ ದಾಟಿತು.