ಸತ್ತ ಮಂಗ, ಕಾಣದ ಕರ್ಮ

ಕೊಪ್ಪ ತಾಲೂಕಿನ ಭಂಡಿಗಡಿಯಂಥ ಊರಿನ ಪಕ್ಕದ ಕಾಡಲ್ಲಿ ಮಂಗ ಸತ್ತು ಬಿದ್ದರೆ ಎರಡು ಕರ್ತವ್ಯಗಳು ಒಟ್ಟಿಗೇ ಎದುರಾಗುತ್ತವೆ. ಅದು ಹನುಮಂತನ ರೂಪ, ಮೀಯಿಸಿ ಕುಂಕುಮವಿಟ್ಟು ಹಾರ ಹಾಕಿ ಸಂಸ್ಕಾರ ಮಾಡಬೇಕೆಂಬುದು ಒಂದು. ಮುಟ್ಟದೆ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಬೇಕೆಂಬುದು ಇನ್ನೊಂದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 2024ರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಕಾಡಿತು. ಮಂಗನ ಮೈ ತಣ್ಣಗಾಗುತ್ತಲೇ ವೈರಾಣು ಹೊತ್ತ ಉಣುಗುಗಳು ಕಳಚಿಕೊಂಡು ಸುತ್ತಲ ತರಗೆಲೆಗೆ ಇಳಿಯುತ್ತವೆ. ಹಾರ ಹಿಡಿದು ಬಗ್ಗಿದವನ ಮೊಣಕಾಲೇ ಅವಕ್ಕೆ ಮೊದಲು ಸಿಗುವುದು. ಹಾಗಾಗಿ ಮಂಗ ಎಲ್ಲಿ, ಯಾವಾಗ ಸತ್ತಿತೆಂಬ ಲೆಕ್ಕದಿಂದಲೇ ರೋಗದ ಪತ್ತೆ ಶುರುವಾಗುತ್ತದೆ. ಮಾದರಿ ತೆಗೆಯುವುದು, ಹೆಣ ಸುಡುವುದು, ಸುತ್ತ ಔಷಧಿ ಪುಡಿ ಎರಚುವುದು ಎಲ್ಲ ಆಮೇಲಿನದು.

ಬರುವುದು ಬಂದೇ ಬರುತ್ತದೆ, ಕರ್ಮಕ್ಕೆ ಲೆಕ್ಕ ಇಡುವವರು ಯಾರು ಎನ್ನುವವರಿಗೆ ಉತ್ತರ ಹುಡುಕಲು ಶೃಂಗೇರಿ ಸೀಮೆಯಿಂದ ಆಚೆ ಹೋಗಬೇಕಿಲ್ಲ. ಕಾಣುವ ಕಾರಣ ಇರುವಲ್ಲಿ ಕಾಣದ್ದನ್ನು ಕಲ್ಪಿಸಬಾರದೆಂಬುದು ಮೀಮಾಂಸಕರ ಹಳೆಯ ನಿಯಮ. ಅದ್ವೈತ ಜಗತ್ತನ್ನು ಮಿಥ್ಯೆ ಎಂದದ್ದು ಪರಮಾರ್ಥದ ನೆಲೆಯಲ್ಲಿ. ವ್ಯವಹಾರದಲ್ಲಿ ಪ್ರತ್ಯಕ್ಷ, ಅನುಮಾನಗಳ ಪ್ರಾಮಾಣ್ಯವನ್ನು ಅದು ತಳ್ಳಿಹಾಕಲಿಲ್ಲ. ನೆರೆಯವನ ಜ್ವರವನ್ನು ಪೂರ್ವಜನ್ಮದ ಫಲ ಎನ್ನುವವರು ತಮಗೆ ತಿಳಿಯಲು ಸಾಧ್ಯವೇ ಇಲ್ಲದ್ದನ್ನು ತಿಳಿದೆವೆನ್ನುತ್ತಾರೆ, ಕಣ್ಣೆದುರಿನ ಉಣುಗನ್ನು ಬಿಟ್ಟುಬಿಡುತ್ತಾರೆ. (ತಮ್ಮ ಅಡಕೆಗೆ ಕೊಳೆ ಬಂದಾಗ ಬೋರ್ಡೊ ದ್ರಾವಣ ಹೊಡೆಸಲು ಇವರೇನೂ ತಡಮಾಡುವುದಿಲ್ಲ.)

ಪೂಜ್ಯ ಜೀವಿಯನ್ನು ಮುಖಗವಸಿನವರು ಬಂದು ಸುಟ್ಟುಹೋಗುವುದು ಅಪಚಾರವಲ್ಲವೇ ಎಂದರೆ, ದಹನವೂ ಸಂಸ್ಕಾರವೇ. ದೂರ ನಿಂತು ಕೈಮುಗಿಯಲು ಯಾರ ಅಡ್ಡಿಯೂ ಇಲ್ಲ. ರೋಗಿಯ ಹೆಸರು ಬರೆದುಕೊಂಡರೆ ಮನೆಗೆ ಕಳಂಕ ಎಂಬ ಅಂಜಿಕೆಯನ್ನು ಮಾತ್ರ ಹಗುರಾಗಿ ಕಾಣುವಂತಿಲ್ಲ. ಆದರೆ ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗವಲ್ಲ. ಊರಿಗೆ ಗೊತ್ತಾಗಬೇಕಾದ್ದು ಜಾಗದ ಹೆಸರು; ರೋಗಿಯ ಹೆಸರು ವೈದ್ಯರಲ್ಲೇ ಉಳಿಯಲಿ. ಕಷ್ಟದ ಪ್ರಶ್ನೆ ಬೇರೆಯೇ ಇದೆ. ಹಳೆಯ ಲಸಿಕೆಯನ್ನು ಸಾಮರ್ಥ್ಯ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು, ರೋಗಕ್ಕೆಂದೇ ಇರುವ ಔಷಧಿಯೂ ಇಲ್ಲ, ತಿಳಿದುಕೊಂಡು ಮಾಡುವುದೇನು? ಮೈಗೆ ಉಣುಗು ಓಡಿಸುವ ಡೆಪಾ ತೈಲ ಹಚ್ಚಿಕೊಳ್ಳಬಹುದು, ಆ ಕಾಡಿಗೆ ಹೋಗದೆ ಇರಬಹುದು. ಆದರೆ ಉಣುಗಿನ ಮರಿಗಳ ಕಾಟ ಡಿಸೆಂಬರಿನಿಂದ ಮೇವರೆಗೆ, ದರಗು ಗುಡಿಸಿ ತರುವ ಕಾಲವೂ ಅದೇ. ತಿಳಿದವನ ಹೊಣೆ ತಿಳಿಯದವನಿಗಿಂತ ದೊಡ್ಡದೆಂದು ಒಪ್ಪಿದ ಮೇಲೆ, ಬೆಟ್ಟಕ್ಕೆ ಹೋಗಬೇಡಿ ಎಂದು ನೋಟಿಸು ಅಂಟಿಸುವ ಇಲಾಖೆ ಆ ದಿನಗಳ ಕೂಲಿಯ ಗತಿಯೇನು, ಕೊಟ್ಟಿಗೆಗೆ ಹಾಸಲು ಸೊಪ್ಪು ಎಲ್ಲಿಂದ ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಬೇಕಾಗುತ್ತದೆ.