ಲೆಕ್ಕದಿಂದ ಜೂಜು ಶುದ್ಧವಾಗುವುದೇ?

ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತಕ್ಕೆ ಮೊದಲ ಸ್ಥಾನ. ಉಳಿದ ವ್ಯಸನಗಳಿಗೆ ಬಾಗಿಲು ತೆರೆಯುವುದು ಅದೇ ಎಂಬುದು ಹಿರಿಯರ ಅನುಭವ. ವ್ಯಸನಕಥೆಗಳಲ್ಲಿ ಧರ್ಮರಾಯನೇ ಇದಕ್ಕೆ ದೃಷ್ಟಾಂತ. ಆತನ ಕೈಯಲ್ಲಿದ್ದುದು ದಾಳ. ಇಂದಿನ ಜೂಜುಗಾರನ ಕೈಯಲ್ಲಿರುವುದು ಗಣಕಯಂತ್ರ. ಆದುದರಿಂದ ಹೊಸ ವಾದವೊಂದು ಹುಟ್ಟಿದೆ: ಕುರುಡು ಅದೃಷ್ಟವನ್ನು ನಂಬುವುದು ಜೂಜು, ಲೆಕ್ಕಹಾಕಿ ಹಣ ಹೂಡುವುದು ವಿವೇಕ. ಈ ವಾದವು ಪರಿಶೀಲನೆಗೆ ಅರ್ಹವಾಗಿದೆ.

ಅಮೆರಿಕದ ಕುದುರೆ ಜೂಜಿನಲ್ಲಿ ‘ಪಿಕ್ ಸಿಕ್ಸ್’ ಎಂಬ ಪಣವುಂಟು. ಒಂದರ ಹಿಂದೊಂದರಂತೆ ನಡೆಯುವ ಆರು ಓಟಗಳ ವಿಜೇತ ಕುದುರೆಗಳನ್ನು ಮೊದಲ ಓಟಕ್ಕೆ ಮುನ್ನವೇ ಸೂಚಿಸಬೇಕು. ಭಾರತದ ರೇಸ್‌ಕೋರ್ಸ್‌ಗಳ ‘ಜಾಕ್‌ಪಾಟ್’ ಇದೇ ಜಾತಿಯದು. ಪ್ರತಿ ಓಟದಲ್ಲಿ ಮೂರು ಕುದುರೆಗಳನ್ನು ಆರಿಸಿದರೆ 729 ಜೋಡಣೆಗಳಾಗುತ್ತವೆ; ನಾಲ್ಕನ್ನು ಆರಿಸಿದರೆ 4,096. ಪ್ರತಿಯೊಂದು ಜೋಡಣೆಗೂ ಬೇರೆ ಹಣ ತೆರಬೇಕು.

ಈ ಹೊರೆಯನ್ನು ಇಳಿಸುವ ಕ್ರಮವನ್ನು ಸ್ಟೀವನ್ ಕ್ರಿಸ್ಟ್ ಅವರು 2006ರ ‘ಎಕ್ಸಾಟಿಕ್ ಬೆಟಿಂಗ್’ ಗ್ರಂಥದಲ್ಲಿ ವಿವರಿಸಿದರು. ಹೆಚ್ಚು ಭರವಸೆಯ ಕುದುರೆಗಳು ‘ಎ’ ವರ್ಗ, ಅವುಗಳ ನಂತರದವು ‘ಬಿ’ ವರ್ಗ, ಕಡೆಯ ಆಸರೆ ‘ಸಿ’ ವರ್ಗ. ಆರು ಓಟಗಳಲ್ಲಿಯೂ ಎರಡು ‘ಎ’, ಒಂದು ‘ಬಿ’ ಇದ್ದು, ಒಂದೇ ಓಟದಲ್ಲಿ ಮಾತ್ರ ‘ಬಿ’ ಗೆಲ್ಲಬಹುದೆಂದು ಎಣಿಸಿದರೆ 729ರ ಬದಲು 256 ಜೋಡಣೆಗಳು ಸಾಕು. ಈ ವಿಂಗಡಣೆಯನ್ನು ತಂತ್ರಾಂಶವು ಕ್ಷಣಮಾತ್ರದಲ್ಲಿ ಮಾಡಿ ಚೀಟಿಗಳನ್ನು ಸಿದ್ಧಪಡಿಸುತ್ತದೆ. ಆಡುವವನಿಗೆ 473 ಜೋಡಣೆಗಳ ಹಣ ಉಳಿಯಿತೆಂಬ ಸಮಾಧಾನ. ಮನೆಯಲ್ಲಿಯೇ ಇದ್ದಿದ್ದರೆ 729ರ ಹಣವೂ ಉಳಿಯುತ್ತಿತ್ತೆಂಬ ಸರಳ ಲೆಕ್ಕ ಮಾತ್ರ ಆ ಪರದೆಯ ಮೇಲೆ ಮೂಡುವುದಿಲ್ಲ.

ಈ ಪಣದ ಹಣ ಎಲ್ಲಿಂದ ಬರುತ್ತದೆ? ಎಲ್ಲ ಜೂಜುಗಾರರ ಹಣವೂ ಒಂದೇ ರಾಶಿಗೆ ಸೇರುತ್ತದೆ. ಅದರಿಂದ ಸಾಮಾನ್ಯವಾಗಿ ನೂರಕ್ಕೆ 15ರಿಂದ 25ರಷ್ಟನ್ನು ಮೊದಲೇ ಕಳೆದು, ಉಳಿದುದನ್ನು ಗೆದ್ದವರಿಗೆ ಹಂಚಲಾಗುತ್ತದೆ. ಹೊಲದಲ್ಲಿ ಬೆಳೆದಂತೆ ಇಲ್ಲಿ ಏನೂ ಬೆಳೆಯುವುದಿಲ್ಲ. ಗೆದ್ದವನ ಲಾಭವೆಂದರೆ ಸೋತವನ ಮನೆಯ ದವಸ, ಮಕ್ಕಳ ಶುಲ್ಕ. ಉತ್ತಮ ತಂತ್ರಾಂಶವು ಈ ರಾಶಿಯನ್ನು ಒಂದು ಕಾಸಿನಷ್ಟೂ ಹೆಚ್ಚಿಸಲಾರದು. ಲೆಕ್ಕ ತಿಳಿಯದವನ ಹಣವನ್ನು ತಿಳಿದವನ ಕಡೆಗೆ ಸಾಗಿಸಬಲ್ಲದು, ಅಷ್ಟೆ. ಎಲ್ಲರ ಕೈಗೂ ಅದೇ ಸಾಧನ ಬಂದರೆ ಯಾರಿಗೂ ಮೇಲುಗೈಯಿಲ್ಲ. ಮೊದಲೇ ಕಳೆಯುವ ಪಾಲು ಮಾತ್ರ ಸ್ಥಿರ.

ಇಲ್ಲಿ ನ್ಯಾಯಾಲಯದ ತೀರ್ಪನ್ನು ಮುಂದಿಡುವವರಿದ್ದಾರೆ. ಕುದುರೆ ಓಟದ ಪಣದಲ್ಲಿ ಕೌಶಲವೇ ಪ್ರಧಾನವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಹೇಳಿತು. ಅದು ಕಾನೂನಿನ ಪ್ರಶ್ನೆಗೆ ಉತ್ತರ. ಕೌಶಲವಿದ್ದ ಮಾತ್ರಕ್ಕೆ ಕರ್ಮವು ಶುಭವಾಗುವುದಿಲ್ಲ, ಬೇಟೆಗಾರನಿಗೂ ಕೌಶಲವಿದೆ. ಪರಿಗ್ರಹವು ವಸ್ತುವಿಗಿಂತ ಮಿಗಿಲಾಗಿ ಮಮತ್ವದಲ್ಲಿದೆ ಎನ್ನುತ್ತದೆ ಜೈನದರ್ಶನ. ಪರರ ಸೋಲನ್ನು ಬಯಸದೆ ತನ್ನ ಗೆಲುವನ್ನು ಬಯಸಲಾಗದ ಆಟದಲ್ಲಿ ಮನಸ್ಸಿನ ಪರಿಣಾಮ ಎಂತಹುದು? ಲೆಕ್ಕವು ನಿಖರವಾದಷ್ಟೂ ಆ ಬಯಕೆಯೂ ಹರಿತವಾಗುತ್ತದೆ.

ಕುದುರೆಯ ಮಾತನ್ನಂತೂ ಯಾರೂ ಎತ್ತುವುದಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾದಲ್ಲಿ 2018ರ ಡಿಸೆಂಬರ್‌ನಿಂದ 2019ರ ಜೂನ್‌ವರೆಗಿನ ಒಂದೇ ಋತುವಿನಲ್ಲಿ 30 ಕುದುರೆಗಳು ಸತ್ತವು. ತಂತ್ರಾಂಶದ ಕೋಷ್ಟಕದಲ್ಲಿ ‘ಎ’, ‘ಬಿ’, ‘ಸಿ’ಗಳಿಗೆ ಮನೆಗಳಿವೆ, ಪಂಚೇಂದ್ರಿಯ ಜೀವಿಯ ನೋವಿಗೆ ಮನೆಯಿಲ್ಲ.

ತಂತ್ರಾಂಶ ರಚಿಸಿದವನು, “ನಾನು ಗಣಿತವನ್ನಷ್ಟೇ ಒದಗಿಸಿದೆ, ಜೂಜಾಡಲಿಲ್ಲ” ಎನ್ನಬಹುದು. ಗಣಿತಕ್ಕೆ ದೋಷವಿಲ್ಲವೆಂಬುದು ನಿಜ. ಅದೇ ವಿದ್ಯೆಯಿಂದ ರೈಲುಗಳ ವೇಳಾಪಟ್ಟಿಯನ್ನೂ ರಚಿಸಬಹುದು. ಆದರೆ ಜೂಜಿಗೆಂದೇ ನಿರ್ಮಿಸಿದ ಸಾಧನದ ಮಾತು ಬೇರೆ. ಕೃತ, ಕಾರಿತ, ಅನುಮೋದಿತ — ತಾನು ಮಾಡುವುದು, ಅನ್ಯರಿಂದ ಮಾಡಿಸುವುದು, ಮಾಡಿದುದನ್ನು ಮೆಚ್ಚುವುದು — ಈ ಮೂರೂ ದ್ವಾರಗಳಿಂದ ಕರ್ಮದ ಆಸ್ರವವಾಗುತ್ತದೆಂಬ ವಿವೇಚನೆಯು ಇಂದಿನ ಯುವ ಅಭಿಯಂತರರಿಗೂ ಅನ್ವಯಿಸುತ್ತದೆ. ಕೈಗೆ ದಾಳ ತಾಗಲಿಲ್ಲವೆಂಬುದು ಪೂರ್ಣ ಉತ್ತರವಲ್ಲ.

ಲೆಕ್ಕವು ಜೂಜಿನ ಅಜ್ಞಾನವನ್ನು ಕಳೆಯಬಹುದು, ಲೋಭವನ್ನು ಕಳೆಯಲಾರದು. ಲೋಭಕ್ಕೆ ಬೇಕಾದುದು ಗಣನೆಯಲ್ಲ, ಸಂಯಮ. ಎಷ್ಟು ಜೋಡಣೆಗಳನ್ನು ಬಿಡಬೇಕೆಂದು ಯಂತ್ರವು ಹೇಳೀತು. ಆಟವನ್ನೇ ಬಿಡಬೇಕೆಂದು ಹೇಳಬಲ್ಲುದು ಶ್ರಾವಕನ ವಿವೇಕ ಮಾತ್ರ.