ಹರಾಜಿಗೆ ಬಂದ ಮನೆ: ಒಡೆತನ ಮತ್ತು ಋಣ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಹಳೆಯ ತೊಟ್ಟಿಮನೆಗಳು ಪಾಲಾಗಿ, ಮಕ್ಕಳು ಊರು ಬಿಟ್ಟು, ಕೊನೆಗೆ ಮನೆಯನ್ನೇ ಬಿಚ್ಚಬೇಕಾಗಿ ಬಂದಾಗ, ಅದರೊಳಗಿನ ವಸ್ತುಗಳು ಅಂಗಳಕ್ಕೆ ಬಂದು ಸಾಲಾಗಿ ಕೂರುತ್ತವೆ. ಕರಾವಳಿಯವರು ಏಲಂ ಎಂದೂ ಉತ್ತರ ಕರ್ನಾಟಕದವರು ಸವಾಲು ಎಂದೂ ಕರೆಯುವ ಹರಾಜು ಅಲ್ಲಿ ನಡೆಯುತ್ತದೆ. ‘ಒಂದು ಸಲ, ಎರಡು ಸಲ, ಮೂರು ಸಲ’ ಎಂದು ಕೂಗಿ ಮುಗಿಯುವಷ್ಟರಲ್ಲಿ ಮೂರು ನಾಲ್ಕು ತಲೆಮಾರುಗಳ ಕೈ ಸವೆಸಿದ ವಸ್ತುವೊಂದು ಬೇರೆಯವರ ಪಾಲಾಗುತ್ತದೆ. ಕಾನೂನಿನ ದೃಷ್ಟಿಯಿಂದ ನೋಡಿದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಯಾವುದೂ ಉಳಿಯುವುದಿಲ್ಲ, ಏಕೆಂದರೆ ಮಾರುವವನಿಗೆ ಹಕ್ಕಿದೆ ಮತ್ತು ಕೊಳ್ಳುವವನು ಹಣ ತೆತ್ತಿದ್ದಾನೆ. ಧರ್ಮದ ದೃಷ್ಟಿಯಿಂದ ನೋಡಿದರೆ ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ: ಒಂದು ವಸ್ತುವಿಗೂ ಅದರೊಡನೆ ಬಾಳಿದವರಿಗೂ ನಡುವೆ ಇದ್ದ ಸಂಬಂಧವು ಬೆಲೆ ಸಂದಾಯವಾದ ಕ್ಷಣಕ್ಕೆ ಮುಗಿಯುತ್ತದೆಯೇ, ಅಥವಾ ಬೆಲೆಯಿಂದ ತೀರದ ಏನೋ ಒಂದು ಹಿಂದೆ ಉಳಿಯುತ್ತದೆಯೇ?

ಇಂತಹ ಅಂಗಳದಲ್ಲಿ ಸುತ್ತಾಡುವವರ ಕಣ್ಣಿಗೆ ಬೀಳುವ ವಸ್ತುಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಬಗೆಯಲ್ಲಿ ಪೂಜೆ ಪಡೆದವು. ಕಣದಲ್ಲಿ ರಾಶಿಪೂಜೆಯಾದ ಮೇಲೆ ಧಾನ್ಯ ಅಳೆಯಲು ಬಳಸುತ್ತಿದ್ದ ಕೊಳಗ ಅವುಗಳಲ್ಲಿ ಒಂದು. ಅದರ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವುದು ಒಕ್ಕಲುತನದ ಹಳೆಯ ವಾಡಿಕೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿಟ್ಟು, ಮನೆಗೆ ಬರುವ ಸೊಸೆ ಬಲಗಾಲಿನಿಂದ ಉರುಳಿಸಿ ಒಳಗೆ ಬರುತ್ತಿದ್ದ ಸೇರು ಇನ್ನೊಂದು. ಮದುವೆಯ ಕೆಲಸ ಹಿಡಿಯುವ ಮುನ್ನ ಅರಿಸಿನ ಕುಂಕುಮ ಹಚ್ಚಿ ಪೂಜಿಸುತ್ತಿದ್ದ ಒನಕೆ, ಒರಳು, ಬೀಸುವ ಕಲ್ಲುಗಳು ಒಂದು ಮೂಲೆಯಲ್ಲಿರುತ್ತವೆ. ಬಿತ್ತನೆಯ ದಿನ ಹೊಲಕ್ಕೆ ಹೊರಡುವ ಮುನ್ನ ಪೂಜೆಗೊಳ್ಳುತ್ತಿದ್ದ ಕೂರಿಗೆ, ಅಂದರೆ ಸಾಲಾಗಿ ಬೀಜ ಬಿಡುವ ಮರದ ಸಾಧನ, ಬಯಲುಸೀಮೆಯ ಹರಾಜುಗಳಲ್ಲಿ ಕಾಣುತ್ತದೆ. ಉಪ್ಪಿನ ಮರಿಗೆ, ಮಜ್ಜಿಗೆಯ ಕಡೆಗೋಲು, ಆಟಿ ತಿಂಗಳ ಮಳೆಯಲ್ಲಿ ತುಳುನಾಡಿನ ಹೆಂಗಸರು ಆಡುತ್ತಿದ್ದ ಹದಿನಾಲ್ಕು ಗುಳಿಗಳ ಚೆನ್ನೆಮಣೆ, ಅಡಕತ್ತರಿ, ತೂಗುದೀಪ, ತಾಮ್ರದ ಹಂಡೆ ಇವೆಲ್ಲವೂ ಮಹಾನವಮಿಯ ಆಯುಧಪೂಜೆಯಲ್ಲಾಗಲಿ ಬೇರೆ ಹಬ್ಬದಲ್ಲಾಗಲಿ ತೊಳೆಸಿಕೊಂಡು ಹೂವು ಏರಿಸಿಕೊಂಡವೇ ಆಗಿವೆ. ಸಾಧನವನ್ನು ಪೂಜಿಸುವುದೆಂದರೆ ಅದರಲ್ಲಿ ಭೂತ ಪ್ರೇತಗಳ ಶಕ್ತಿ ಇದೆಯೆಂದು ನಂಬುವುದಲ್ಲ. ಅನ್ನವು ತನ್ನೊಬ್ಬನ ಸಾಮರ್ಥ್ಯದಿಂದ ಬಂದುದಲ್ಲವೆಂಬುದನ್ನು ವರ್ಷಕ್ಕೊಮ್ಮೆಯಾದರೂ ಒಪ್ಪಿಕೊಳ್ಳುವುದು.

ಈ ವಸ್ತುಗಳು ಕೆಲಸ ಕಳೆದುಕೊಂಡ ಕಾರಣಗಳು ಎಲ್ಲರಿಗೂ ತಿಳಿದವು. ಗಿರಣಿ ಬಂದು ಒನಕೆ ನಿಂತಿತು. 1956ರ ಅಳತೆ ಮತ್ತು ತೂಕಗಳ ಕಾಯ್ದೆಯ ನಂತರ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು ಸೇರು, ಪಾವು, ಕೊಳಗಗಳು ಪೇಟೆಯಿಂದ ಹೊರಬಿದ್ದವು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಉಳುವವನೇ ಒಡೆಯನಾದಾಗ, ಗೇಣಿಯ ಭತ್ತವನ್ನು ಅಳೆದು ತುಂಬಿಕೊಳ್ಳುತ್ತಿದ್ದ ದೊಡ್ಡಮನೆಗಳ ಕಣಜಗಳು ಬರಿದಾದವು.

ಮಾರಾಟದಿಂದ ನಿಜವಾಗಿ ಏನು ಕೈ ಬದಲಾಗುತ್ತದೆ ಎಂಬುದನ್ನು ಭಾರತೀಯ ಚಿಂತನೆಯಲ್ಲಿ ಬಹಳ ಸೂಕ್ಷ್ಮವಾಗಿ ವಿಚಾರ ಮಾಡಿದವನು ಕನ್ನಡ ನೆಲದಲ್ಲಿಯೇ ಬಾಳಿದ ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ಈತನು ದಾಯಭಾಗದ, ಅಂದರೆ ಆಸ್ತಿ ಹಂಚಿಕೆಯ, ಪ್ರಕರಣದಲ್ಲಿ ‘ಸ್ವತ್ವ’ ಎಂದರೇನು ಎಂಬ ಪ್ರಶ್ನೆಯನ್ನು ಎತ್ತುತ್ತಾನೆ. ಸ್ವತ್ವವೆಂದರೆ ಒಂದು ವಸ್ತು ‘ನನ್ನದು’ ಎನಿಸಿಕೊಂಡು ಇಷ್ಟದಂತೆ ವಿನಿಯೋಗಕ್ಕೆ ಒದಗುವ ಸ್ಥಿತಿ. ಅದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೇ ಅಥವಾ ಲೋಕವ್ಯವಹಾರದಿಂದಲೇ ಸಿದ್ಧವಾದದ್ದೇ ಎಂಬ ಚರ್ಚೆಯಲ್ಲಿ ಆತನು ಎರಡನೆಯ ಪಕ್ಷವನ್ನು ಹಿಡಿಯುತ್ತಾನೆ. ಶಾಸ್ತ್ರದ ಪರಿಚಯವೇ ಇಲ್ಲದ ಗಡಿನಾಡಿನ ಜನರೂ ಕೊಳ್ಳುವುದು ಮಾರುವುದು ಮಾಡುತ್ತಾರೆ, ಆದುದರಿಂದ ಒಡೆತನವು ಲೌಕಿಕ ಎಂಬುದು ಆತನ ವಾದ. ಈ ನಿಲುವು ಹರಾಜಿನ ಪ್ರಶ್ನೆಗೆ ಬಹುಮುಖ್ಯವಾದ ಬೆಳಕನ್ನು ನೀಡುತ್ತದೆ. ಒಡೆತನ ಲೌಕಿಕವಾದರೆ ಅದನ್ನು ಲೌಕಿಕವಾದ ಹಣದಿಂದ ಪೂರ್ತಿಯಾಗಿ ವರ್ಗಾಯಿಸಬಹುದು, ಅದರಲ್ಲಿ ಪಾಪವೂ ಇಲ್ಲ, ಕೊರತೆಯೂ ಇಲ್ಲ; ಆದರೆ ಒಡೆತನಕ್ಕಿಂತ ಬೇರೆಯಾದ ಸಂಬಂಧವೇನಾದರೂ ವಸ್ತುವಿನೊಡನೆ ಇದ್ದರೆ ಅದು ಈ ವರ್ಗಾವಣೆಯ ವ್ಯಾಪ್ತಿಗೆ ಬರುವುದಿಲ್ಲ.

ಅಂತಹ ಸಂಬಂಧವಿದೆ ಎಂಬುದನ್ನು ಅದೇ ಗ್ರಂಥದ ಅದೇ ಪ್ರಕರಣ ತೋರಿಸಿಕೊಡುತ್ತದೆ. ಮನುಸ್ಮೃತಿ ಹೇಳಿದ ಅವಿಭಾಜ್ಯ ವಸ್ತುಗಳನ್ನು, ಎಂದರೆ ಪಾಲು ಮಾಡಬಾರದ ವಸ್ತುಗಳನ್ನು, ವಿವರಿಸುವಾಗ ವಿಜ್ಞಾನೇಶ್ವರನು ಬಾವಿಯಂತಹ ನೀರಿನ ನೆಲೆಯನ್ನು ಬೆಲೆ ಕಟ್ಟಿ ಹಂಚಿಕೊಳ್ಳಬಾರದು, ಸರದಿಯಂತೆ ಬಳಸಬೇಕು ಎನ್ನುತ್ತಾನೆ. ಉಟ್ಟ ಬಟ್ಟೆ ಉಟ್ಟವರದೇ. ತೀರಿಹೋದ ತಂದೆ ಬಳಸಿದ ಬಟ್ಟೆ, ಆಭರಣ, ಹಾಸಿಗೆ, ವಾಹನಗಳ ವಿಷಯಕ್ಕೆ ಬಂದಾಗ ಸ್ಮೃತಿಕಾರ ಬೃಹಸ್ಪತಿಯ ವಚನವನ್ನು ಆಧಾರವಾಗಿಟ್ಟುಕೊಂಡು, ಅವುಗಳನ್ನು ಗಂಧ ಮಾಲ್ಯಗಳಿಂದ ಅರ್ಚಿಸಿ ಶ್ರಾದ್ಧದಲ್ಲಿ ಉಣ್ಣುವವನಿಗೆ ಅರ್ಪಿಸಬೇಕೆಂದು ವಿಧಿಸುತ್ತಾನೆ. ಹಂಚಿಕೆಯ ಲೆಕ್ಕಾಚಾರದ ನಡುವೆ ಬರುವ ಈ ಮಾತು ಓದುಗನನ್ನು ತಡೆದು ನಿಲ್ಲಿಸುವಷ್ಟು ಗಂಭೀರವಾದದ್ದು. ಸತ್ತವರ ಮೈಗೆ ಹತ್ತಿರವಿದ್ದ ವಸ್ತುವನ್ನು ಮಕ್ಕಳು ಪಾಲು ಮಾಡಿಕೊಳ್ಳದೆ, ಕೊನೆಯದಾಗಿ ಒಮ್ಮೆ ಪೂಜಿಸಿ, ಬೇರೊಬ್ಬನಿಗೆ ಕೊಟ್ಟುಬಿಡಬೇಕು ಎಂದರೆ, ಆ ವಸ್ತುವಿನಲ್ಲಿ ಬೆಲೆಯ ಮಾತಿಗೆ ಸಿಗದ ಅಂಶವೊಂದಿದೆ ಎಂದು ಶಾಸ್ತ್ರಕಾರರು ಒಪ್ಪಿದ್ದರು. ಕನ್ನಡಿಗರು ದಿನಬಳಕೆಯಲ್ಲಿ ಋಣ ಎನ್ನುವುದು ಈ ಅಂಶವನ್ನೇ. (ಇದೇ ಪಟ್ಟಿಯಲ್ಲಿ ಮನೆಯ ದಾಸಿಯರೂ ವಸ್ತುಗಳ ಸಾಲಿನಲ್ಲಿಯೇ ಸೇರಿದ್ದಾರೆ ಎಂಬುದನ್ನು ಮರೆಯಬಾರದು, ಆ ಸಂಗತಿಗೆ ಮುಂದೆ ಬರಬೇಕಾಗುತ್ತದೆ.)

ದೇವಾಲಯದ ಆಗಮಗಳು ಬೀಳ್ಕೊಡುವಿಕೆಯನ್ನು ಇನ್ನಷ್ಟು ಸ್ಪಷ್ಟವಾದ ವಿಧಿಯನ್ನಾಗಿ ಮಾಡಿವೆ. ಗುಡಿಯ ಜೀರ್ಣೋದ್ಧಾರಕ್ಕೆ ಮುನ್ನ ವಿಗ್ರಹದಲ್ಲಿನ ಸಾನ್ನಿಧ್ಯವನ್ನು ಕಲಶದ ನೀರಿಗೆ ಇಳಿಸಿಕೊಳ್ಳುತ್ತಾರೆ. ಭಿನ್ನವಾದ ಹಳೆಯ ವಿಗ್ರಹವನ್ನು ನೀರಿಗೆ ಬಿಡುತ್ತಾರೆ. ಗಣೇಶನ ಮಣ್ಣಿನ ಮೂರ್ತಿಯನ್ನು ಮನೆಮನೆಯಲ್ಲಿ ವಿಸರ್ಜಿಸುವುದೂ ಇದೇ ತತ್ತ್ವದ ಮೇಲೆ: ಆವಾಹಿಸಿದ್ದನ್ನು ಬೀಳ್ಕೊಡದೆ ಎದ್ದು ಹೋಗುವಂತಿಲ್ಲ. ಮನೆಯ ಪಾತ್ರೆ ಪಡಗಗಳಿಗೆ ಮಂತ್ರಪೂರ್ವಕವಾದ ವಿಸರ್ಜನೆ ಇರಲಿಲ್ಲವಾದರೂ ಅವುಗಳಿಗೂ ಒಂದು ಸಹಜವಾದ ಕೊನೆಯಿತ್ತು. ತೂತಾದ ಕಂಚು ಕಂಚುಗಾರನ ಕುಲುಮೆ ಸೇರಿ ಹೊಸ ಪಾತ್ರೆಯಾಗುತ್ತಿತ್ತು, ಮುರಿದ ನೊಗ ಬಚ್ಚಲೊಲೆಗೆ ಸೌದೆಯಾಗುತ್ತಿತ್ತು, ಸವೆದ ಒರಳುಕಲ್ಲು ಕೊಟ್ಟಿಗೆಯಲ್ಲಿ ಕರುವಿಗೆ ನೀರಿಡುವ ಬಾನಿಯಾಗುತ್ತಿತ್ತು. ವಸ್ತು ಬಳಕೆಯೊಳಗೇ ಹುಟ್ಟಿ ಬಳಕೆಯೊಳಗೇ ಸಾಯುತ್ತಿದ್ದ ಆ ಕ್ರಮದಲ್ಲಿ ಯಾರೂ ಅದಕ್ಕಾಗಿ ಕಣ್ಣೀರು ಹಾಕಬೇಕಾಗಿರಲಿಲ್ಲ. ಹರಾಜು ತಂದಿರುವ ಹೊಸ ಸ್ಥಿತಿ ಯಾವುದೆಂದರೆ, ವಸ್ತು ಸಾಯುವುದೂ ಇಲ್ಲ, ದುಡಿಯುವುದೂ ಇಲ್ಲ. ಒರಳು ಹೋಟೆಲಿನ ಪಡಸಾಲೆಯಲ್ಲಿ ಹೂವಿನ ಎಸಳು ತೇಲಿಸುವ ಬೋಗುಣಿಯಾಗಿ, ಬಾಗಿಲವಾಡವು ಗೋಡೆಗೆ ಒರಗಿದ ಕನ್ನಡಿಯ ಚೌಕಟ್ಟಾಗಿ, ಯಾರ ನೆನಪಿಗೂ ಸಂಬಂಧಪಡದೆ ಉಳಿದುಕೊಳ್ಳುತ್ತವೆ.

ಇಲ್ಲಿ ಜೈನ ದರ್ಶನದಿಂದ ಬರುವ ಆಕ್ಷೇಪವೊಂದನ್ನು ಪೂರ್ಣ ಗೌರವದಿಂದ ಎದುರುಗೊಳ್ಳಬೇಕು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು, ಎಂದರೆ ಕೂಡಿಟ್ಟುಕೊಳ್ಳುವ ದೋಷವನ್ನು, ವಸ್ತುವಿನಲ್ಲಿ ಇಡದೆ ‘ಮೂರ್ಛೆ’ಯಲ್ಲಿ, ಅಂದರೆ ಮೈಮರೆಸುವ ಅಂಟಿನಲ್ಲಿ, ಇಟ್ಟಿದೆ, ಅದಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದನು ದನ ಎಮ್ಮೆ ಮಣಿ ಮುತ್ತುಗಳನ್ನು ಗಳಿಸುವುದು, ಕಾಪಾಡುವುದು, ಒಪ್ಪಗೊಳಿಸುವುದು ಎಂಬ ತೊಡಗುವಿಕೆಯನ್ನೇ ಮೂರ್ಛೆಯ ಲಕ್ಷಣವೆಂದು ಹೇಳುತ್ತಾನೆ. ಹಳೆಯ ವಸ್ತುಗಳ ಸಂಗ್ರಾಹಕ ಮಾಡುವುದು ಈ ಮೂರನ್ನೇ. ಹಾಗೆಯೇ, ಅಜ್ಜಿಯ ಕಡೆಗೋಲನ್ನು ಬಿಟ್ಟುಕೊಡಲಾರೆನೆಂದು ಅಟ್ಟದಲ್ಲಿ ಗೆದ್ದಲಿಗೆ ಒಪ್ಪಿಸುವ ಮೊಮ್ಮಗನೂ ಈ ವ್ಯಾಖ್ಯೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ವಸ್ತು ಹೋದರೆ ಹೋಗಲಿ, ದ್ರವ್ಯ ಉಳಿದು ಪರ್ಯಾಯ ಬದಲಾಗುವುದು, ಅಂದರೆ ಮೂಲವಸ್ತು ಇದ್ದು ಅದರ ಅವಸ್ಥೆ ಮಾರ್ಪಡುವುದು, ಇರವಿನ ಸ್ವಭಾವವೇ ಎಂಬ ಜೈನರ ಮಾತಿಗೆ ಎದುರಾಡುವುದು ಕಷ್ಟ. ಆದರೂ ಋಣವು ಮೂರ್ಛೆಯಲ್ಲ. ಮೂರ್ಛೆ ವಸ್ತುವನ್ನು ಇಟ್ಟುಕೊಂಡು ತಣಿಯುತ್ತದೆ, ಋಣವಾದರೋ ಸರಿಯಾಗಿ ಕೊಟ್ಟು ಕಳುಹಿಸಿದಾಗ ಹಗುರಾಗುತ್ತದೆ. ಬೃಹಸ್ಪತಿ ಹೇಳಿದ ವಿಧಿ ತಂದೆಯ ಹಾಸಿಗೆಯನ್ನು ಉಳಿಸಿಕೊಳ್ಳುವ ವಿಧಿಯಲ್ಲ, ಕೊಡುವ ವಿಧಿ.

ಹಾಗಾದರೆ ಋಣವಿರುವುದು ಯಾರಿಗೆ? ಇದು ಈ ವಿಚಾರದ ಅತ್ಯಂತ ಕಠಿಣವಾದ ಭಾಗ. ಬೀಸುವ ಕಲ್ಲಿನ ಒಡೆತನ ಮನೆಯ ಯಜಮಾನನದಾಗಿದ್ದರೂ ಬೆಳಗಿನ ಜಾವಕ್ಕೆ ಎದ್ದು ಅದರ ಗೂಟ ಹಿಡಿದು, ಪದ ಹೇಳಿಕೊಂಡು ರಾಗಿ ಬೀಸಿದವಳು ಅವನಲ್ಲ. ಭತ್ತ ಕುಟ್ಟಿದ ಒನಕೆ, ನೀರು ಹೊತ್ತ ಕೊಡ, ಕೊಟ್ಟಿಗೆ ಬಾಚಿದ ಗುದ್ದಲಿ ಇವೆಲ್ಲವೂ ಅನೇಕ ಮನೆಗಳಲ್ಲಿ ಆಳುಮಕ್ಕಳ ಮತ್ತು ಜೀತದವರ ಕೈಯಲ್ಲಿ ಸವೆದವು. ಮಿತಾಕ್ಷರಾ ಪಟ್ಟಿಯಲ್ಲಿ ವಸ್ತುವಿನಂತೆ ಎಣಿಸಲ್ಪಟ್ಟ ದಾಸಿಯರ ಶ್ರಮ ಇಂತಹ ಸಾಧನಗಳ ಮೇಲೆಯೇ ಹರಿದಿದೆ. ಅಂಗಳದ ಮೂಲೆಯಲ್ಲಿ ತಮಗೆಂದು ಬೇರೆಯಾಗಿ ಇರಿಸಿದ ತೆಂಗಿನ ಚಿಪ್ಪಿನಲ್ಲಿ ಕುಡಿದವರ ಮಕ್ಕಳಿಗೆ ಈ ಹರಾಜಿನ ಸಾಲು ಬೇರೆಯೇ ಕಥೆ ಹೇಳುತ್ತದೆ. ಹಳೆಯ ವಸ್ತುಗಳ ಮುಂದೆ ನಿಂತು ‘ಆ ಕಾಲ ಎಷ್ಟು ಚೆನ್ನಾಗಿತ್ತು’ ಎಂದು ಮರುಗುವುದು ಈ ಕಾರಣದಿಂದಲೇ ಅಪೂರ್ಣವಾದದ್ದು, ಕೆಲವೊಮ್ಮೆ ಅನ್ಯಾಯವಾದದ್ದು.

ಒಡೆತನವನ್ನೂ ಶ್ರಮವನ್ನೂ ಒಂದೇ ವಸ್ತುವಿನಲ್ಲಿ ಕಾಣಬಹುದಾದ ಅಪರೂಪದ ಉದಾಹರಣೆ, ಮದುವೆಯಲ್ಲಿ ತವರಿನವರು ಕೊಟ್ಟ, ಹೆಣ್ಣಿನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಹಿತ್ತಾಳೆಯ ಪಾತ್ರೆ. ಇದು ಸ್ತ್ರೀಧನ, ಅಂದರೆ ಹೆಣ್ಣಿನ ಸ್ವಂತ ಸ್ವತ್ತು. ಸ್ತ್ರೀಧನದ ಅರ್ಥವನ್ನು ಮದುವೆಯ ಉಡುಗೊರೆಗಳಾಚೆಗೆ ವಿಸ್ತರಿಸಿ, ವಾರಸಿನಿಂದ, ಕೊಂಡುದರಿಂದ, ಪಾಲಿನಿಂದ ಹೆಣ್ಣಿಗೆ ಬಂದುದನ್ನೂ ಅದರಲ್ಲಿ ಸೇರಿಸಿದವನು ಮತ್ತೆ ವಿಜ್ಞಾನೇಶ್ವರನೇ. ಅದು ಮೊದಲು ಹೆಣ್ಣುಮಕ್ಕಳಿಗೆ ಸಲ್ಲಬೇಕೆಂಬುದೂ ಆತನ ಮತ. ಇಂದು ಅಂತಹ ಪಾತ್ರೆಗಳು ಮನೆಯ ಉಳಿದ ಹಿತ್ತಾಳೆಯೊಡನೆ ಗುಡ್ಡೆಯಾಗಿ ತೂಕಕ್ಕೆ ಹೋಗುತ್ತವೆ. ಅವುಗಳ ಮೇಲಿನ ಹೆಸರನ್ನು ಓದುವವರಿಲ್ಲ, ಆ ಹೆಸರಿನವಳ ಮಗಳನ್ನೋ ಮೊಮ್ಮಗಳನ್ನೋ ಕೇಳಿದವರಿಲ್ಲ. ಹರಾಜಿನಲ್ಲಿ ನಡೆಯುವ ಧರ್ಮಲೋಪವನ್ನು ಬೆರಳಿಟ್ಟು ತೋರಿಸಬೇಕಾದರೆ ಅದು ಇದೇ.

ಸಾಮಾನ್ಯರ ವಸ್ತುಗಳನ್ನು ಹೆಸರು ಮತ್ತು ಬಳಕೆಗಳೊಡನೆ ಉಳಿಸುವ ದಾರಿಯನ್ನು ಕರ್ನಾಟಕದಲ್ಲಿ ಕೆಲವರು ತೋರಿಸಿದ್ದಾರೆ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ, ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಮರಳಿ ನಿಲ್ಲಿಸಿದ ಪಾರಂಪರಿಕ ಗ್ರಾಮ ಇಂತಹವು. ಕಾನೂನಿನ ನೆರವು ಇಲ್ಲಿ ಅಲ್ಪ. 1972ರ ಪ್ರಾಚ್ಯವಸ್ತು ಕಾಯ್ದೆಯು ಸಾಮಾನ್ಯವಾಗಿ ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳನ್ನೇ ಪ್ರಾಚ್ಯವಸ್ತುಗಳೆಂದು ಗಣಿಸುವುದರಿಂದ ಅಡುಗೆಮನೆಯ ಮತ್ತು ಹೊಲದ ಸಾಧನಗಳಲ್ಲಿ ಬಹುಪಾಲು ಅದರ ಹೊರಗೇ ಉಳಿಯುತ್ತವೆ. ಸಂಗ್ರಹಾಲಯಗಳೂ ಎಲ್ಲವನ್ನೂ ತುಂಬಿಕೊಳ್ಳಲಾರವು. ಆದುದರಿಂದ ಹೊಣೆ ಮನೆಯವರದೇ. ಮನೆಯನ್ನು ಬಿಚ್ಚುವ ನಿರ್ಧಾರಕ್ಕೆ ಬಂದವರು ಹರಾಜಿನವರನ್ನು ಕರೆಯುವ ಮೊದಲು ಮನೆಯ ಹೆಣ್ಣುಮಕ್ಕಳನ್ನೂ, ಆ ಮನೆಯಲ್ಲಿ ದುಡಿದವರ ಮಕ್ಕಳನ್ನೂ ಕರೆಯಲಿ. ಯಾವ ವಸ್ತುವಿನ ಹೆಸರೇನು, ಯಾರು ಅದನ್ನು ಬಳಸಿದರು ಎಂಬುದನ್ನು ಅವರಿಂದ ಕೇಳಿ ಬರೆದಿಟ್ಟುಕೊಳ್ಳಲಿ. ಅವರು ಬಯಸಿದ್ದನ್ನು ಬೆಲೆಯಿಲ್ಲದೆ ಕೊಡಲಿ, ಉಳಿದುದನ್ನು ತೊಳೆದು ಹೂವಿಟ್ಟು ಕೈಮುಗಿದು ಆನಂತರ ಮಾರಲಿ.